ಅವತ್ತಿಗೆ ಖರೇ ಇತ್ತು

ರೋಣದ ಆ ವಕೀಲರ ಆಫೀಸಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಕಾನೂನಿನ ದಪ್ಪ ಪುಸ್ತಕಗಳಲ್ಲ. ಗೋಡೆಯುದ್ದದ ಹಲಗೆಯ ಮೇಲೆ ಸಾಲಾಗಿ ಕೂತಿರುವ ಬಟ್ಟೆಯ ಗಂಟುಗಳು. ಮುಗಿದ ಕೇಸುಗಳ ಕಾಗದಪತ್ರಗಳನ್ನು ವರ್ಷವಾರು ಕಟ್ಟಿ, ಮೇಲೊಂದು ಚೀಟಿ ಅಂಟಿಸಿ, 'ನಿಕಾಲಿ' ಎಂದು ಬರೆದಿಟ್ಟಿದ್ದಾರೆ. ಕೇಸು ಮುಗಿಯಿತು ಎನ್ನಲು ಈ ಭಾಗದ ಕೋರ್ಟುಗಳಲ್ಲಿ ಇರುವ ಮಾತು ಅದೇ. ನಿಕಾಲಿ ಆಯಿತೆಂದರೆ ಇನ್ನು ಅದರ ಗೊಡವೆ ಬೇಡ ಎಂದರ್ಥ. ಆದರೆ 2016ರಲ್ಲಿ ನಿಕಾಲಿ ಆದ ಒಂದು ಫೈಲು ಮಾತ್ರ ಆ ಸಾಲಿನಲ್ಲಿಲ್ಲ. ವಕೀಲರ ಮೇಜಿನ ಎಡಗಡೆಯ ಖಾನೆಯಲ್ಲಿ, ಕನ್ನಡಕದ ಡಬ್ಬಿ ಮತ್ತು ಹಳೆಯ ಡೈರಿಗಳ ಕೆಳಗೆ ಅದು ಇದೆ.

ಕೋರ್ಟು ಕಚೇರಿಯ ತಂಟೆಗೆ ಹೋಗಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುವ ತಂದೆತಾಯಿಗಳೇ, ಬಿ.ಎ. ಮುಗಿಯುತ್ತಿದ್ದಂತೆ 'ಲಾ ಮಾಡಿಸಿದರೆ ಹೇಗೆ?' ಎಂದು ನಾಲ್ಕು ಜನರನ್ನು ಕೇಳುವುದೂ ಉಂಟು. ಕರಿಕೋಟು, ಬಿಳಿಪಟ್ಟಿ, ಸಾಹೇಬರೆನ್ನುವ ಗೌರವ ಇವೆಲ್ಲ ಹೊರಗಿನವರಿಗೂ ಕಾಣುತ್ತವೆ. ಖಾನೆಯೊಳಗಿನ ಫೈಲು ಕಾಣುವುದಿಲ್ಲ.

ವಕೀಲರು ಧಾರವಾಡದಲ್ಲಿ ಓದಿ ಸನದು ಪಡೆದದ್ದು 1987ರಲ್ಲಿ. ಆಗ ರೋಣ ಇನ್ನೂ ಅಖಂಡ ಧಾರವಾಡ ಜಿಲ್ಲೆಯ ಒಂದು ತಾಲೂಕು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಗಜೇಂದ್ರಗಡವಂತೂ 2018ರಲ್ಲಿ ತಾಲೂಕಾಗಿ ಬೇರೆಯಾಗುವವರೆಗೆ ರೋಣದ ಮಗ್ಗುಲಲ್ಲೇ ಇತ್ತು. ಹೈಕೋರ್ಟಿಗೆ ಅಪೀಲು ಎಂದರೆ ಆಗ ರಾತ್ರಿ ಬಸ್ಸು ಎಂದೇ ಅರ್ಥ. ಕಾಗದದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಹೋಗಿ, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಮುಖ ತೊಳೆದು, ಅಲ್ಲಿಯ ವಕೀಲರ ಮನೆಯ ಬಾಗಿಲಲ್ಲಿ ನಿಲ್ಲಬೇಕು. ಜೊತೆಗೆ ಬಂದ ಪಕ್ಷಗಾರನ ರೊಟ್ಟಿಗಂಟು ಎರಡನೆಯ ದಿನಕ್ಕೆ ಖಾಲಿ. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. ಈಗ ಮುಂಜಾನೆ ಹೋದವರು ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ. ಒಳ್ಳೆಯದಾದದ್ದನ್ನು ಒಳ್ಳೆಯದಾಯಿತು ಎಂದೇ ಹೇಳಬೇಕು.

ಕೆಲಸ ಹೆಚ್ಚಾಗಿ ಹೊಲದ ಜಗಳ. ಎರಿಭೂಮಿಯ ಸೀಮೆ ಇದು. ಬಿಳಿಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ. ವಾಟ್ನಿ ದಾವೆ, ಬದುವಿನ ತಕರಾರು, ಉತಾರದಲ್ಲಿ ಹೆಸರು ತಪ್ಪಿದ್ದು, ನಡುವೆ ಚೆಕ್ಕು ಬೌನ್ಸಾದ ಕೇಸುಗಳು. ಮಳೆ ಚೆನ್ನಾಗಿ ಆದ ವರ್ಷ ವಕೀಲರ ಫೀ ಬರುತ್ತದೆ. ಇಲ್ಲದ ವರ್ಷ ಪಕ್ಷಗಾರ 'ಕಡ್ಲಿ ಬರಲಿ ಸಾಹೇಬ್ರ' ಎಂದು ಕೈ ಮುಗಿದು ಹೋಗುತ್ತಾನೆ. ರೋಣದ ಜೊತೆಗೆ ನರಗುಂದದ ಕೋರ್ಟಿನಲ್ಲೂ ಅವರಿಗೆ ಕೇಸುಗಳಿದ್ದವು. ಆ ಫೈಲು ನರಗುಂದದ್ದೇ.

ನರಗುಂದದ ಗುಡ್ಡವನ್ನು ನೋಡಿದಾಗಲೆಲ್ಲ ವಕೀಲರು ಜೊತೆಗಿದ್ದವರಿಗೆ ಒಂದು ಮಾತು ಹೇಳುವುದಿತ್ತು. ಈ ಗುಡ್ಡದ ಮೇಲಿನ ಕೋಟೆಯ ಬಾಬಾಸಾಹೇಬರ ಮಗ ತೀರಿಕೊಂಡಾಗ ಅವರು ದತ್ತಕಕ್ಕೆ ಅನುಮತಿ ಕೇಳಿದರು. ಕಂಪನಿ ಸರಕಾರ ಕೊಡಲಿಲ್ಲ. 1858ರಲ್ಲಿ ಅವರು ದಂಗೆಯೆದ್ದರು, ಸೆರೆ ಸಿಕ್ಕರು, ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ದಂಗೆಗೆ ಕಾರಣ ಒಂದೇ ಅಲ್ಲ, ಇತಿಹಾಸಕಾರರು ಹಲವನ್ನು ಹೇಳುತ್ತಾರೆ. ಆದರೆ ವಕೀಲರ ಕಣ್ಣಿಗೆ ಅದು ವಾರಸಾದ ಕೇಸು. 'ಯಾವ ಕೋರ್ಟಿನ್ಯಾಗೂ ನಡೀಲಾರದ ಕೇಸು' ಎನ್ನುತ್ತಿದ್ದರು. ಆಸ್ತಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಜನ ಜೀವ ಕೊಟ್ಟಿದ್ದಾರೆ ಎಂಬುದು ಅವರ ಮಾತಿನ ಒಳಾರ್ಥ.

2013ರಲ್ಲಿ ಅವರ ಬಳಿ ಬಂದ ಹೆಣ್ಣುಮಗಳ ಪ್ರಶ್ನೆಯೂ ಅದೇ. ತವರು ನರಗುಂದ ತಾಲೂಕಿನ ಒಂದು ಹಳ್ಳಿ. 1989ರಲ್ಲಿ ಮದುವೆಯಾಗಿ ನರೇಗಲ್ಲದ ಕಡೆಗೆ ಬಂದವಳು. ತಂದೆ ತೀರಿದ್ದು 1999ರಲ್ಲಿ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಇಬ್ಬರು ಅಣ್ಣಂದಿರು. ಪಿತ್ರಾರ್ಜಿತ ಹೊಲ ಹದಿನೆಂಟು ಎಕರೆ. ತನಗೂ ಪಾಲು ಬೇಕು ಎಂದಳು.

ಇಲ್ಲಿ ಕಾನೂನಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. ಬೇಸರವಾದರೂ ಸಹಿಸಿಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಕರ್ನಾಟಕದಲ್ಲಿ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಸಿಕ್ಕಿತು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಎಂಬ ಷರತ್ತಿತ್ತು. 1989ರಲ್ಲಿ ಮದುವೆಯಾದವಳು ಹೊರಗೇ ಉಳಿದಳು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆದುಹಾಕಿತು. ಮೂವರು ಮಕ್ಕಳಿಗೆ ಸಮಪಾಲು ಎಂದರೆ ತಲಾ ಆರು ಎಕರೆ. ಆ ಭರವಸೆಯಲ್ಲೇ ವಕೀಲರು ದಾವೆ ಹೂಡಿದರು. ಅಣ್ಣಂದಿರು ಕೈಫಿಯತ್ತು ಕೊಟ್ಟರು. ತಾರೀಖಿನ ಮೇಲೆ ತಾರೀಖು ಬಿದ್ದವು.

ಅಷ್ಟರಲ್ಲಿ 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 'ಪ್ರಕಾಶ ವಿರುದ್ಧ ಫುಲಾವತಿ' ಎಂಬ ಕೇಸಿನಲ್ಲಿ ತೀರ್ಪು ಕೊಟ್ಟಿತು. ಅದು ಎಲ್ಲಿಯದೋ ದೂರದ ಕೇಸಲ್ಲ. 1992ರಲ್ಲಿ ಬೆಳಗಾವಿಯ ಕೋರ್ಟಿನಲ್ಲಿ ಒಬ್ಬ ಹೆಣ್ಣುಮಗಳು ಹೂಡಿದ ವಾಟ್ನಿ ದಾವೆ. ತಿದ್ದುಪಡಿ ಬಂದ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು; ಆಗ ಮಾತ್ರ ಅವಳಿಗೆ ಸಮಪಾಲು ಎಂದು ಸುಪ್ರೀಂ ಕೋರ್ಟು ಹೇಳಿತು. ವಕೀಲರಿಗೆ ಆ ತೀರ್ಪು ಅಂಚೆಯಲ್ಲಿ ಬಂದ ಲಾ ಜರ್ನಲ್ಲಿನಲ್ಲಿ ಸಿಕ್ಕಿತು. ಎರಡು ಸಲ ಓದಿದರು. ಅವರ ಪಕ್ಷಗಾರಳ ತಂದೆ 2005ಕ್ಕೆ ಆರು ವರ್ಷ ಮೊದಲೇ ತೀರಿದ್ದ. ಇನ್ನು ಉಳಿದದ್ದು ಹಳೆಯ ಲೆಕ್ಕ: ತಂದೆ ಮತ್ತು ಇಬ್ಬರು ಗಂಡುಮಕ್ಕಳು ಮೂರು ಪಾಲು, ತಂದೆಯ ಆರು ಎಕರೆ ಮಾತ್ರ ಮೂವರು ಮಕ್ಕಳಿಗೆ ಹಂಚಿಕೆ. ಅವಳ ಪಾಲಿಗೆ ಎರಡು ಎಕರೆ.

ಅದೇ ಸಮಯಕ್ಕೆ ಅವಳ ಮಗಳ ಮದುವೆ ಗೊತ್ತಾಗಿತ್ತು. ಅಣ್ಣಂದಿರು ಎರಡು ಎಕರೆಯ ಬೆಲೆಯನ್ನು ನಗದಾಗಿ ಕೊಡಲು ಒಪ್ಪಿದರು. ಬಾರ್ ರೂಮಿನಲ್ಲಿ ಕೂತಿದ್ದ ಸ್ನೇಹಿತರೊಬ್ಬರು, 'ಸ್ವಲ್ಪ ಕಾಯ್ರಿ, ಈ ತೀರ್ಪು ಭಾಳ ದಿನಾ ನಿಲ್ಲೂದಿಲ್ಲ' ಎಂದದ್ದು ನಿಜ. ಆದರೆ ಬಾರ್ ರೂಮಿನಲ್ಲಿ ಹಾಗೆ ಹೇಳುವವರು ಯಾವಾಗಲೂ ಇರುತ್ತಾರೆ. ಅವರ ಮಾತು ನಂಬಿ ಕಾಯಿಸಿದ್ದರೆ, ಮದುವೆಗೆ ಆಕೆ ಬಡ್ಡಿಗೆ ಸಾಲ ತರಬೇಕಿತ್ತು. 'ರಾಜಿ ಆಗವ್ವಾ' ಎಂದರು ವಕೀಲರು. 2016ರ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಣ್ಣತಂಗಿಯರು ಕೋರ್ಟಿನ ಹೊರಗೆ ಚಹಾ ಕುಡಿದರು. ಆ ವರ್ಷದ ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋದ. ಮೂರು ವರ್ಷ ಅವಳು ಜೋಕಾಲಿ ಕಂಡಿರಲಿಲ್ಲ.

ಎರಡು ವರ್ಷ ಕಳೆಯಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ಅದೂ ಕರ್ನಾಟಕದಿಂದ ಹೋದ ದಾನಮ್ಮ ಎಂಬಾಕೆಯ ಕೇಸಿನಲ್ಲಿ, 2001ರಲ್ಲೇ ತೀರಿದ್ದ ತಂದೆಯ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ವಕೀಲರು ಅಂದೇ ಸಂಜೆ ಗಂಟು ಬಿಚ್ಚಿ ಆ ಫೈಲು ಹೊರಗೆ ತೆಗೆದರು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಕೇಸಿನಲ್ಲಿ ಗೊಂದಲವನ್ನೆಲ್ಲ ಮುಗಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ. ಫುಲಾವತಿ ತೀರ್ಪು ರದ್ದಾಯಿತು. ಆದರೆ ಲೋಕ ಅದಾಲತ್ತಿನ ರಾಜಿ ಅಂತಿಮ. ಅದರ ಮೇಲೆ ಅಪೀಲಿಲ್ಲ. ಆರರಲ್ಲಿ ಎರಡು ಕಳೆದರೆ ನಾಲ್ಕು. ಆ ನಾಲ್ಕು ಎಕರೆ ಎರಿಹೊಲ ಅಣ್ಣಂದಿರ ಉತಾರದಲ್ಲೇ ಉಳಿಯಿತು.

ಕೊರೋನಾ ಕಾಲವದು. ಬಾಯಿಗೆ ಸೆರಗು ಮುಚ್ಚಿಕೊಂಡು ಆಕೆ ರೋಣಕ್ಕೆ ಬಂದಳು.

'ಸಾಹೇಬ್ರ, ಹೆಣ್ಮಕ್ಕಳಿಗೂ ಸಮಪಾಲು ಅಂತ ಟೀವ್ಯಾಗ ಹೇಳಾಕತ್ತಾರಲ್ರಿ?'

ವಕೀಲರು ಮುಕ್ಕಾಲು ತಾಸು ತಿಳಿಸಿ ಹೇಳಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು.

'ಹಂಗಾದ್ರ ನೀವು ಅವತ್ತು ಹೇಳಿದ್ದು ಸುಳ್ಳೇನ್ರಿ?'

'ಅವತ್ತಿಗೆ ಖರೇ ಇತ್ತವ್ವಾ.'

'ಖರೇ ಅನ್ನೂದು ಹಿಂಗ ತಾರೀಖಿನ ಮ್ಯಾಲೆ ಬದಲಾಗತೈತೇನ್ರಿ?'

ವಕೀಲರ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಆಕೆ ಜಗಳವಾಡಲಿಲ್ಲ, ಅಳಲೂ ಇಲ್ಲ. ಚೀಲ ತಗೊಂಡು ಎದ್ದು ಹೋದಳು. ಜಗಳವಾಡಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ.

* * *

ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ ಅವರ ಬಳಿ ಜೂನಿಯರ್ ಆಗಿ ಸೇರಿದ್ದು 2024ರ ದೀಪಾವಳಿ ಆದ ಮೇಲೆ. ಬಿ.ಎ. ಮುಗಿಸಿ, ಮೂರು ವರ್ಷದ ಎಲ್.ಎಲ್.ಬಿ. ಮಾಡಿದವಳು. ಒಂದು ದೃಷ್ಟಿಯಿಂದ ಒಳ್ಳೆಯ ಕಾಲಕ್ಕೆ ಬಂದಳು. ಆ ವರ್ಷದ ಜುಲೈ 30ರಂದು ಸುಪ್ರೀಂ ಕೋರ್ಟು, ವಕೀಲರಾಗಿ ಹೆಸರು ನೋಂದಾಯಿಸಲು ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಹೇಳಿತ್ತು. ಅದಕ್ಕೆ ಮೊದಲು ದೇಶದ ರಾಜ್ಯಗಳಲ್ಲಿ ಹದಿನೈದು ಸಾವಿರದಿಂದ ನಲವತ್ತು ಸಾವಿರದವರೆಗೆ ವಸೂಲಿ ನಡೆದಿತ್ತು. ಗಜೇಂದ್ರಗಡದಿಂದ ರೋಣಕ್ಕೆ ದಿನಾ ಬಂದು ಹೋಗಲೂ ಅವಳಿಗೆ ಖರ್ಚಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೀಟು. ಈ ಯೋಜನೆಯ ಬಗ್ಗೆ ಪರ ವಿರೋಧ ಎಷ್ಟೇ ಇರಲಿ, ಅದಿಲ್ಲದಿದ್ದರೆ ಈ ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಳೇ ಎಂಬುದು ಅನುಮಾನ.

ಇನ್ನೊಂದು ದೃಷ್ಟಿಯಿಂದ ಬಹಳ ಕಷ್ಟದ ಕಾಲಕ್ಕೇ ಬಂದಳು. 2024ರ ಜುಲೈ 1ರಿಂದ ದಂಡಸಂಹಿತೆಯೇ ಬದಲಾಗಿತ್ತು. 1860ರ ಭಾರತೀಯ ದಂಡಸಂಹಿತೆಯ 511 ಕಲಮುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಬಂದವು. ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ. ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಮುನ್ನೂರಾ ಎರಡು ಎಂದರೆ ಕೊಲೆ, ಫೋರ್ ಟ್ವೆಂಟಿ ಎಂದರೆ ಮೋಸಗಾರ ಎಂದು ಗೊತ್ತಿತ್ತು. ಈಗ ಕೊಲೆ 103, ಮೋಸ 318. ಹೊಸ ಸಂಹಿತೆಯ 302 ಎಂದರೆ ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಮಾತಾಡುವುದು! ಹಳೆಯ 144 ಎಂದರೆ ಗುಂಪು ಸೇರಬಾರದೆಂಬ ನಿಷೇಧಾಜ್ಞೆ. ಹೊಸ 144 ಎಂದರೆ ಹೆಂಡತಿ ಮಕ್ಕಳಿಗೆ ಜೀವನಾಂಶ. ಎಫ್.ಐ.ಆರ್. ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುತ್ತಿದ್ದ 482ನೆಯ ಕಲಮು ಈಗ ನಿರೀಕ್ಷಣಾ ಜಾಮೀನಿನದು. ಅರ್ಜಿಯಲ್ಲಿ ಒಂದು ಅಂಕಿ ಹಳೆಯದಿದ್ದರೆ ಕೇಳುವ ಪರಿಹಾರವೇ ಬೇರೆಯಾಗುತ್ತದೆ. ಹಾಗೆಂದು ಹಳೆಯದನ್ನು ಮರೆಯುವಂತೆಯೂ ಇಲ್ಲ. ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡಸಂಹಿತೆಯೇ. ಅಂದರೆ ಎಷ್ಟೋ ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು.

ಮೂವತ್ತೇಳು ವರ್ಷ ಬಾಯಿಪಾಠವಾಗಿದ್ದದ್ದು ಒಂದು ಸೋಮವಾರ ಬೆಳಿಗ್ಗೆ ಕೈಕೊಟ್ಟರೆ ಮನುಷ್ಯನಿಗೆ ಏನನ್ನಿಸಬೇಡ? ವಕೀಲರು ಕೋಟಿನ ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಂಡರು: ಎಡಕ್ಕೆ ಹಳೆಯ ಅಂಕಿ, ಬಲಕ್ಕೆ ಹೊಸದು. ಹುಡುಗಿಗೆ ಆ ಚೀಟಿ ಬೇಕಿರಲಿಲ್ಲ, ಅವಳ ಮೊಬೈಲಿನಲ್ಲಿತ್ತು. ಕೋರ್ಟಿನ ತಾರೀಖುಗಳೂ ಈಗ ಮೊಬೈಲಿನಲ್ಲೇ. ಗೋವಾದಲ್ಲಿ ದುಡಿಯುವ ಪಕ್ಷಗಾರನ ಮಗ ರಾತ್ರಿ ಫೋನ್ ಮಾಡಿ, 'ಸರ್, ನಮ್ಮಪ್ಪನ ಕೇಸು ಮುಂದಿನ ತಿಂಗಳಿಗೆ ಹೋತಲ್ರಿ, ಯಾಕ?' ಎಂದು ಕೇಳುತ್ತಾನೆ. ವಕೀಲರು ಇನ್ನೂ ಡೈರಿಯಲ್ಲಿ ಬರೆದುಕೊಂಡಿರುವುದಿಲ್ಲ!

ಇಂಗ್ಲಿಷಿನ ಗೋಳು ಇದ್ದೇ ಇದೆ. ಸಾಕ್ಷಿ ಹೇಳುವವನದು ರೋಣದ ಕನ್ನಡ, ಕೆಳಗಿನ ಕೋರ್ಟಿನ ಭಾಷೆಯೂ ಕನ್ನಡ. ಧಾರವಾಡದ ಪೀಠಕ್ಕೆ ಹೋದರೆ ಇಂಗ್ಲಿಷು. ಸಂವಿಧಾನದ 348ನೆಯ ವಿಧಿ ಹಾಗೆ ಹೇಳುತ್ತದೆ. ಹುಡುಗಿ ಮೊದಮೊದಲು ತೀರ್ಪುಗಳನ್ನು ಬೆರಳಿಟ್ಟು ಓದುತ್ತಿದ್ದಳು. ವಕೀಲರು ಅವಳಿಗೆ ದಿನಕ್ಕೊಂದು ತೀರ್ಪು ಕೊಟ್ಟು, ಅದರ ಸಾರವನ್ನು ಕನ್ನಡದಲ್ಲಿ, 'ನಿಮ್ಮವ್ವಗ ತಿಳಿಯೂ ಹಂಗ' ಬರೆದು ತರಲು ಹೇಳಿದರು. ಇದು ಯಾವ ಕಾಲೇಜಿನಲ್ಲೂ ಹೇಳಿಕೊಡದ ಪಾಠ. ಸುಪ್ರೀಂ ಕೋರ್ಟು 2023ರಿಂದ ತನ್ನ ವರದಿಯಾದ ತೀರ್ಪುಗಳನ್ನು ಜಾಲತಾಣದಲ್ಲಿ ಪುಕ್ಕಟೆ ಕೊಡುತ್ತಿರುವುದರಿಂದ, ಲಾ ಜರ್ನಲ್ಲು ಅಂಚೆಯಲ್ಲಿ ಬರಲಿ ಎಂದು ಕಾಯುವ ಕಾಲ ಹೋಯಿತು. ಆದರೆ ಒಂದು ಎಚ್ಚರಿಕೆಯನ್ನೂ ಅವರು ಕೊಟ್ಟರು. 2025ರ ಮಾರ್ಚ್‌ನಲ್ಲಿ ಹೈಕೋರ್ಟಿನ ಮುಂದೆ ಬಂದ ಬೆಂಗಳೂರಿನ ಒಂದು ಕೇಸಿನಲ್ಲಿ, ಕೆಳಗಿನ ಕೋರ್ಟಿನ ಆದೇಶದೊಳಗೆ ಉಲ್ಲೇಖವಾಗಿದ್ದ ಸುಪ್ರೀಂ ಕೋರ್ಟಿನ ತೀರ್ಪುಗಳು ಅಸಲಿಗೆ ಎಲ್ಲಿಯೂ ಇರಲಿಲ್ಲ. 'ಮಷೀನು ಹೇಳಿದ್ದನ್ನ ಕಣ್ಣಿಲೆ ನೋಡ್ಲಾರದ ಬರೀಬ್ಯಾಡ ತಂಗೀ' ಎಂದರು. ವಿದ್ಯಾರ್ಥಿಗಳು ಈ ಮಾತನ್ನು ಪರೀಕ್ಷೆಯ ಪ್ರಬಂಧಕ್ಕೂ ಅನ್ವಯಿಸಿಕೊಂಡರೆ ನಷ್ಟವಿಲ್ಲ.

ಇಷ್ಟೆಲ್ಲ ಕಲಿಯುವ ಹುಡುಗಿಗೆ ಸಿಗುವುದೆಷ್ಟು? ತಿಂಗಳಿಗೆ ಐದು ಸಾವಿರ. ಹಳ್ಳಿಗಾಡಿನಲ್ಲಿ ಜೂನಿಯರ್‌ಗಳಿಗೆ ಕನಿಷ್ಠ ಹದಿನೈದು ಸಾವಿರ, ಪಟ್ಟಣದಲ್ಲಿ ಇಪ್ಪತ್ತು ಸಾವಿರ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಮಳೆ ಕೈಕೊಟ್ಟ ವರ್ಷ ಕೆಲವು ತಿಂಗಳು ವಕೀಲರಿಗೇ ಹದಿನೈದು ಸಾವಿರ ಹುಟ್ಟುವುದಿಲ್ಲ. ಅವರ ಸೀನಿಯರ್ ಅವರಿಗೆ ಕೊಟ್ಟದ್ದು ದಿನಾ ಮಿರ್ಚಿ ಭಜಿ, ಚಹಾ, ಮತ್ತು ದೀಪಾವಳಿಗೊಮ್ಮೆ ಕೋಟಿನ ಬಟ್ಟೆ. 'ನಾವು ಹಿಂಗ ಕಲ್ತೀವಿ' ಎಂಬ ಮಾತು ವಕೀಲಿ ವೃತ್ತಿಯಲ್ಲಿ ಬಹಳ ಕೇಳಿಬರುತ್ತದೆ. ಅದು ಬಡವರ ಮಕ್ಕಳನ್ನು ಈ ವೃತ್ತಿಯಿಂದ ಹೊರಗಿಟ್ಟ ಮಾತು ಕೂಡ. ಅವರೊಡನೆ ಸನದು ಪಡೆದ ಎಷ್ಟೋ ಜಾಣರು ಎರಡೇ ವರ್ಷದಲ್ಲಿ ಕೋಟು ಬಿಚ್ಚಿಟ್ಟು ಮಾಸ್ತರಿಕೆಗೆ, ಬ್ಯಾಂಕಿಗೆ ಹೋದರು. ಉಳಿದವರು ಜಾಣರೆಂದು ಉಳಿದರೋ, ಮನೆಯಲ್ಲಿ ಹೊಲವಿತ್ತೆಂದು ಉಳಿದರೋ?

ಹುಡುಗಿಯ ತಂದೆಯ ಲೆಕ್ಕ ಬೇರೆ ಇತ್ತು. ಮಗಳು ಸಿವಿಲ್ ಜಡ್ಜ್ ಪರೀಕ್ಷೆ ಬರೆಯುತ್ತಾಳೆ, ಜೂನಿಯರ್ ಆಗಿ ಕಾಲ ಕಳೆಯುವುದು ಅಲ್ಲಿಯವರೆಗೆ ಮಾತ್ರ ಎಂದುಕೊಂಡಿದ್ದರು. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂಬ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಮೂರು ವರ್ಷದ ಲೆಕ್ಕ ತಾತ್ಕಾಲಿಕ ನೋಂದಣಿಯ ದಿನದಿಂದಲೇ. ಹತ್ತು ವರ್ಷ ಅನುಭವವಿರುವ ವಕೀಲರ ಪ್ರಮಾಣಪತ್ರ, ಅದಕ್ಕೆ ಅಲ್ಲಿಯ ನ್ಯಾಯಾಧೀಶರ ಒಪ್ಪಿಗೆ ಬೇಕು. ತಂದೆ ಮಾರನೆಯ ವಾರವೇ ರೋಣಕ್ಕೆ ಬಂದರು.

'ಮೂರು ವರ್ಷ ಅಂದ್ರ ಭಾಳಾತಲ್ರಿ ಸಾಹೇಬ್ರ. ಮಗ್ಗದ ಮ್ಯಾಲೆ ಎಷ್ಟು ದಿನಾ ಓದಸೂಣು? ಹುಡುಗಿ ಮದುವಿ ಐತಿ. ಹದಿನೈದು ಸಾವಿರ ಕೊಡ್ಬೇಕು ಅಂತ ಪೇಪರಿನ್ಯಾಗ ಬಂದಿತ್ತು...'

ಮಾತು ಅರ್ಧಕ್ಕೇ ನಿಂತಿತು. ವಕೀಲರು ಸುಳ್ಳು ಭರವಸೆ ಕೊಡಲಿಲ್ಲ. ಹದಿನೈದು ತನ್ನಿಂದ ಆಗುವುದಿಲ್ಲ, ಎಂಟು ಕೊಡುತ್ತೇನೆ. ಅವಳೇ ಬರೆದ ನೋಟೀಸಿನ ಫೀ ಅವಳಿಗೇ ಎಂದರು. ತೀರ್ಪು ಸರಿಯೇ ಎಂದೂ ಹೇಳಿದರು. ಕಟಕಟೆಯಲ್ಲಿ ನಿಂತವನು ಬೆವರುವುದನ್ನು ನೋಡದೆ ಜಡ್ಜ್ ಆಗಬಾರದು ಎಂದು ಅವರ ನಂಬಿಕೆ. ಆದರೆ ಆ ಮೂರು ವರ್ಷ ಯಾರ ಅನ್ನ ಉಂಡು ನೋಡಬೇಕು ಎಂಬ ತಂದೆಯ ಪ್ರಶ್ನೆಯೂ ಸರಿಯೇ. ತಂದೆ ಆ ದಿನ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮಗಳು ಮಾತ್ರ ಮರುದಿನ ಎಂದಿನ ಬಸ್ಸಿಗೇ ಬಂದಳು.

ಖಾನೆಯ ಫೈಲು ಅವಳ ಕೈಗೆ ಬಂದದ್ದು ಆ ದಿನಗಳಲ್ಲೇ. ಸ್ಟ್ಯಾಂಪಿನ ಹಾಳೆ ಹುಡುಕುವಾಗ ಸಿಕ್ಕಿತು. 'ಓದು' ಎಂದರು ವಕೀಲರು. ಅವಳು ಸಂಜೆಯವರೆಗೆ ಓದಿದಳು.

'ಸರ್, ನಾಲ್ಕು ಎಕರೆ ಹೋತಲ್ರಿ.'

'ಹೋತು.'

'ತಪ್ಪು ನಮ್ದೇನ್ರಿ?'

ವಕೀಲರು ಪಂಚಮಿಯ ಮಾತು ಹೇಳಿದರು. ರಾಜಿಯಾದ್ದರಿಂದ ತವರು ಉಳಿಯಿತು, ಮಗಳ ಮದುವೆಗೆ ಸಾಲವಾಗಲಿಲ್ಲ. ಹುಡುಗಿಗೆ ಅದು ಹಿಡಿಸಲಿಲ್ಲ. 'ಪಂಚಮಿ ಉಂಡಿಗೆ ನಾಲ್ಕು ಎಕರೆ ಭಾಳ ತುಟ್ಟಿ ಆತ್ರಿ ಸರ್' ಎಂದುಬಿಟ್ಟಳು. ಆಮೇಲೆ ತಾನೇ ಹೆದರಿ, ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ಹೇಳಿದೆಯಲ್ಲ, ನಮಗೇನೂ ಆಗುವುದಿಲ್ಲ ಎಂದು ಸಮಾಧಾನ ಹೇಳಲು ನೋಡಿದಳು. ವಕೀಲರಿಗೆ ನಗು ಬಂತು. ಕೇಸು ಹಾಕಲಾರರು ಎಂಬುದರಿಂದ ನೆಮ್ಮದಿ ಸಿಗುವಂತಿದ್ದರೆ, ಫೈಲು ಯಾವತ್ತೋ ಹಲಗೆಯ ಮೇಲೆ ಹೋಗುತ್ತಿತ್ತು.

2025ರ ನಾಗರಪಂಚಮಿ ಮುಗಿದ ವಾರ ಆ ಹೆಣ್ಣುಮಗಳೇ ಬಂದಳು. ಐದು ವರ್ಷದ ಮೇಲೆ. ಹಣೆಯ ಮೇಲೆ ಕುಂಕುಮವಿರಲಿಲ್ಲ. ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಒಳಗೆ ಶೇಂಗಾ ಉಂಡಿ, ರವೆ ಉಂಡಿ. ಮೊದಲು ಡಬ್ಬಿಯನ್ನು ಹುಡುಗಿಯ ಮುಂದಿಟ್ಟಳು.

'ತವರಿಗೆ ಹೋಗಿದ್ರೇನ್ರಿ?' ಹುಡುಗಿ ಕೇಳಿದಳು.

'ಹೋಗಿದ್ನೆವ್ವಾ. ಹೊಲಾನೂ ನೋಡಿ ಬಂದ್ನಿ. ಈ ಸಲ ಹೆಸರು ಚ‌ಲೋ ಬಂದೈತಿ.'

ಬಂದ ಕೆಲಸ ಗಂಡನ ಹೊಲದ ವಾರಸಾ. ತಹಶೀಲ್ದಾರ ಕಚೇರಿಗೆ ಅರ್ಜಿ ಕೊಡಬೇಕು. ಗಂಡುಮಕ್ಕಳಿಬ್ಬರ ಹೆಸರು, ತನ್ನ ಹೆಸರು. 'ಮತ್ತ ಮಗಳದೂ ಬರೀರಿ. ಕೊಟ್ಟ ಹೆಣ್ಣು ಅಂತ ಬಿಡಬ್ಯಾಡ್ರಿ. ಹುಡುಗ್ರು ಒಲ್ಲೆ ಅಂತಾವ, ಅನ್ಲಿ.' ಅಷ್ಟು ಹೇಳಿ ವಕೀಲರ ಕಡೆಗೆ ತಿರುಗಿದಳು. 'ಇದು ಬದಲಾಗೂದಿಲ್ಲಲ್ರಿ ಸಾಹೇಬ್ರ?'

ಉಂಡಿ ಹುಡುಗಿಯ ಕೈಯಲ್ಲೇ ಉಳಿಯಿತು. ವಕೀಲರು ಕನ್ನಡಕ ತೆಗೆದು ಒರೆಸಿದರು.

'ಇವತ್ತಿಗೆ ಕಾಯ್ದೆ ಹಿಂಗೈತವ್ವಾ. ಮಗಳಿಗೂ ಸಮಪಾಲು. ಬದಲಾದ್ರ ನಾವೇ ಹೇಳಿ ಕಳಸ್ತೀವಿ. ನೀನು ಟೀವಿ ನೋಡಿ ಬರೂದು ಬ್ಯಾಡ.' ಆಮೇಲೆ ಹುಡುಗಿಗೆ, 'ಫೋನ್ ನಂಬರ್ ಬರಕೋ' ಎಂದರು.

ಹುಡುಗಿ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಮೇಲೆ ಬಲಗಡೆ ತಾರೀಖು ಹಾಕಿದಳು. ವಾರಸುದಾರರು ಎಂದು ಬರೆದು, ಕೆಳಗೆ ಅಂಕಿ ಒಂದರ ಮುಂದೆ ಯಾರ ಹೆಸರು ಬರೆಯಲಿ ಎಂದು ಆಕೆಯನ್ನೇ ಕೇಳಿದಳು.